ಸವೆತದ ಲೆಕ್ಕ

ಅನ್ಯರ ಕಾರ್ಯಕ್ಕಾಗಿ ಬಂಡಿ ಹೂಡಿದ ರೈತನು ಬಾಡಿಗೆ ಕೇಳುವಾಗ ಎತ್ತುಗಳ ಮೇವಿನ ಬೆಲೆಯೊಂದನ್ನೇ ಎಣಿಸುತ್ತಿರಲಿಲ್ಲ. ಗಾಲಿಯ ಸವೆತ, ಕೀಲೆಣ್ಣೆ, ಎತ್ತುಗಳಿಗೆ ಏರುವ ವಯಸ್ಸು ಇವೆಲ್ಲವೂ ಅವನ ಮನಸ್ಸಿನಲ್ಲಿರುತ್ತಿದ್ದವು. ಬಂಡಿಯ ಸ್ಥಾನಕ್ಕೆ ಕಾರು ಬಂದ ಮೇಲೆ ಈ ವಿವೇಕವು ಓದಿದವರಲ್ಲಿಯೇ ಮಸುಕಾಗಿದೆ.

ನನ್ನ ತಮ್ಮನ ಮಗನು ಖಾಸಗಿ ಸಂಸ್ಥೆಯೊಂದರ ಕೆಲಸಕ್ಕಾಗಿ ಸ್ವಂತ ಕಾರಿನಲ್ಲಿ ಹಾವೇರಿ, ಗದಗ ಜಿಲ್ಲೆಗಳನ್ನು ಸುತ್ತುತ್ತಾನೆ. ಸಂಸ್ಥೆಯವರು ಪೆಟ್ರೋಲಿನ ರಸೀದಿ ನೋಡಿ ಹಣ ಕೊಡುತ್ತಾರೆ. "ದೊಡ್ಡಪ್ಪಾ, ನನ್ನ ಕೈಯಿಂದ ಏನೂ ಹೋಗೂದಿಲ್ರಿ" ಎನ್ನುತ್ತಿದ್ದ. ಆದರೆ ಮಗಳ ಓದಿಗೆಂದು ಕೂಡಿಟ್ಟ ಹಣವು ಈ ವರ್ಷ ನಾಲ್ಕು ಟೈರುಗಳಿಗೆ ಹೋಯಿತು. ಆಗ ಇಬ್ಬರೂ ಕುಳಿತು ಲೆಕ್ಕ ಬರೆದೆವು.

8 ಲಕ್ಷ ರೂಪಾಯಿಯ ಕಾರು 5 ವರ್ಷಗಳಲ್ಲಿ 1 ಲಕ್ಷ ಕಿಲೋಮೀಟರ್ ಓಡಿ, 3.5 ಲಕ್ಷಕ್ಕೆ ಮಾರಾಟವಾಗುವುದೆಂದು ಹಿಡಿದೆವು. ಇಳಿದ ಬೆಲೆ 4.5 ಲಕ್ಷ, ಅಂದರೆ ಕಿಲೋಮೀಟರಿಗೆ 4.50 ರೂಪಾಯಿ. ವಿಮೆಗೆ 1 ಲಕ್ಷ, ಟೈರು ಹಾಗೂ ದುರಸ್ತಿಗೆ 1.5 ಲಕ್ಷವೆಂದರೆ ಮತ್ತೆ 2.50. ಲೀಟರಿಗೆ 100 ರೂಪಾಯಿಯಂತೆ, 16 ಕಿಲೋಮೀಟರ್ ಓಡಿದರೆ ಪೆಟ್ರೋಲಿಗೆ 6.25. ಒಟ್ಟು 13.25. ಅವನಿಗೆ ಮರಳಿ ಬರುತ್ತಿದ್ದುದು ಅರ್ಧಕ್ಕಿಂತಲೂ ಕಡಿಮೆ!

ಇದು ನಮ್ಮ ಕಲ್ಪನೆಯ ಲೆಕ್ಕವಷ್ಟೇ ಅಲ್ಲ. ಅಮೆರಿಕದ ತೆರಿಗೆ ಇಲಾಖೆಯು 2024ರಲ್ಲಿ ವ್ಯವಹಾರದ ಓಡಾಟಕ್ಕೆ ಮೈಲಿಗೆ 67 ಸೆಂಟ್ ದರವನ್ನು ಗೊತ್ತುಪಡಿಸಿತ್ತು. ಅದರಲ್ಲಿ 30 ಸೆಂಟ್ ಬರಿಯ ಸವಕಳಿಯ ಪಾಲು.

ನಮ್ಮಲ್ಲಿ 1962ರ ಆದಾಯ ತೆರಿಗೆ ನಿಯಮಗಳು ದಾಖಲೆಗೆ ಮಹತ್ವ ಕೊಟ್ಟಿದ್ದವು. ನೌಕರನು ತನ್ನ ಕಾರನ್ನು ಕಚೇರಿಗೂ ಮನೆಗೂ ಬಳಸಿ, ಸಂಸ್ಥೆಯು ವೆಚ್ಚ ಭರಿಸಿದಾಗ, 1.6 ಲೀಟರ್‌ವರೆಗಿನ ಎಂಜಿನ್ನಿಗೆ ತಿಂಗಳಿಗೆ 1,800 ರೂಪಾಯಿ ಕಳೆಯಲು ಅವಕಾಶವಿತ್ತು. ಅದಕ್ಕಿಂತ ಹೆಚ್ಚು ಕಳೆಯಬೇಕಾದರೆ ದಿನಾಂಕ, ಹೋದ ಊರು, ಕ್ರಮಿಸಿದ ದೂರ, ವೆಚ್ಚ ಇವುಗಳ ಪೂರ್ಣ ದಾಖಲೆಯೂ ಸಂಸ್ಥೆಯ ಪ್ರಮಾಣಪತ್ರವೂ ಬೇಕಾಗಿದ್ದವು.

ಆದುದರಿಂದ ಕಾರಿನಲ್ಲಿ ಒಂದು ಪುಸ್ತಕವಿರಲಿ. ಪ್ರಯಾಣದ ಮೊದಲೂ ಕೊನೆಗೂ ಮೀಟರಿನ ಅಂಕಿಯನ್ನು ಅಂದೇ ಬರೆಯಬೇಕು. ಜಾತ್ರೆಗೆ, ಬೀಗರ ಮನೆಗೆ ಹೋದ ದಾರಿ ನಮ್ಮದು. ಅದನ್ನು ಸಂಸ್ಥೆಯ ಲೆಕ್ಕಕ್ಕೆ ಸೇರಿಸಲಾಗದು. ಸಂಸ್ಥೆಯ ಕೆಲಸಕ್ಕೆ ಸವೆದ ಟೈರನ್ನು ನಮ್ಮ ಲೆಕ್ಕದಲ್ಲಿ ಮರೆಯುವುದೂ ಔದಾರ್ಯವಲ್ಲ. ಅದು ಮನೆಯವರ ಪಾಲನ್ನು ಅವರನ್ನು ಕೇಳದೆ ಕೊಟ್ಟಂತೆ.

ಹುಡುಗನು ಆರು ತಿಂಗಳ ದಾಖಲೆಯೊಡನೆ ಸಂಸ್ಥೆಗೆ ಮನವಿ ಸಲ್ಲಿಸಿದ್ದಾನೆ. ಉತ್ತರವಿನ್ನೂ ಬಂದಿಲ್ಲ. ಬರುವವರೆಗೂ ಪ್ರತಿ ಕಿಲೋಮೀಟರಿನ ಸವಕಳಿಯನ್ನು ತಿಂಗಳು ತಿಂಗಳೂ ಬೇರೆಯಾಗಿ ತೆಗೆದಿಡುತ್ತಿದ್ದಾನೆ. ಮಗಳ ಓದಿನ ಹಣವನ್ನು ಮತ್ತೆ ಮುಟ್ಟಿಲ್ಲ.