ನೆರೆಮನೆಯ ಬೆಳಕು

ಕೇಸರಿಯ ಹೆಸರನ್ನೇ ಹೊತ್ತ ಊರೊಂದಿದೆ ಎಂದರೆ ನಿಮಗೆ ಆಶ್ಚರ್ಯವಾದೀತು. ಉತ್ತರ ತುರ್ಕಿಯ ಸಫ್ರನ್‌ಬೊಲು ಅಂಥ ಊರು. ಉಸ್ಮಾನಿಯಾ ಕಾಲದ ಮನೆಗಳು, ಹಮ್ಮಾಮ್, ಮಸೀದಿಗಳನ್ನು ಜೋಪಾನವಾಗಿ ಉಳಿಸಿಕೊಂಡಿರುವ ಈ ಊರು 1994ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಅಲ್ಲಿ ಕೇಸರಿ ಹಾಕಿದ ಸಿಹಿ ಅನ್ನ ‘ಝೆರ್ದೆ’ಯನ್ನು ಸವಿದಾಗ ನಮ್ಮ ಮದುವೆ ಮನೆಗಳ ಜರ್ದಾ ನೆನಪಾಯಿತು. ಎರಡೂ ಹೆಸರುಗಳ ಮೂಲ ಒಂದೇ. ಫಾರ್ಸಿಯಲ್ಲಿ ‘ಝರ್ದ್’ ಎಂದರೆ ಹಳದಿ.

ಹಳೆಯ ಮನೆಯೊಂದರ ಗೋಡೆಯಲ್ಲಿ ತಿರುಗುವ ಕಪಾಟು ಕಂಡೆ. ಹೆಂಗಸರು ಒಳಗಿನಿಂದ ಊಟವಿಟ್ಟು ತಿರುಗಿಸಿದರೆ ಆಚೆ ಕೋಣೆಯ ಪುರುಷ ಅತಿಥಿಗಳಿಗೆ ತಲುಪುತ್ತಿತ್ತು. ಪರ್ದಾವೂ ಉಳಿಯಿತು, ಅತಿಥಿ ಸತ್ಕಾರವೂ ನಡೆಯಿತು.

ಆದರೆ ಮನಸ್ಸಿನಲ್ಲಿ ನಿಂತದ್ದು ಬೇರೆ. ಇಳಿಜಾರಿನಲ್ಲಿ ಸಾಲಾಗಿ ನಿಂತ ಆ ಮನೆಗಳಲ್ಲಿ ಒಂದು ಇನ್ನೊಂದರ ನೋಟಕ್ಕೆ ಅಡ್ಡ ಬರುವುದಿಲ್ಲ.

ಸಹೋದರಿಯರೇ, ಮನೆ ಕಟ್ಟುವಾಗ ಟೈಲ್ಸ್, ಗ್ರಾನೈಟ್ ಎಂದು ನಾವು ಎಷ್ಟೊಂದು ಚರ್ಚಿಸುತ್ತೇವೆ! ಪಕ್ಕದವರ ಅಡುಗೆಕೋಣೆಯ ಬೆಳಕು ನಮ್ಮ ಗೋಡೆಯಿಂದ ನಿಂತುಹೋಗುವುದೇ ಎಂದು ಕೇಳುವವರೆಷ್ಟು ಮಂದಿ? ನೆರೆಯವರ ಹಕ್ಕಿನ ಬಗ್ಗೆ ನಾವು ಪ್ರವಚನ ಕೇಳುತ್ತೇವೆ. ಆ ಊರಿನವರು ಅದನ್ನು ಕಲ್ಲು, ಮರಗಳಲ್ಲಿ ಕಟ್ಟಿಟ್ಟಿದ್ದಾರೆ.