ನಾನು ಹಿಮ ಸುರಿಸಿದ್ದು

ಅರವತ್ತೇಳು ವರ್ಷ ಬೆಂಗಳೂರಿನಲ್ಲಿಯೇ ಕಳೆದ ನಾನು ಹಿಮ ಬೀಳುವುದನ್ನು ಒಮ್ಮೆಯೂ ಕಂಡವನಲ್ಲ. ನಮ್ಮ ಊರಿನ ಚಳಿಯ ಯೋಗ್ಯತೆಯೇ ಅಷ್ಟು. ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣತೆ 1884ರ ಜನವರಿ 13ರಂದು 7.8 ಡಿಗ್ರಿ, ಅದು ನಮ್ಮ ಮುತ್ತಜ್ಜನ ಕಾಲದ ಮಾತು. ಮಾಗಿಯಲ್ಲಿ ನಾವು ಮಫ್ಲರ್ ಸುತ್ತಿಕೊಂಡು, ಅವರೆಕಾಯಿ ಸುಲಿಯುತ್ತ, "ಏನು ಚಳಿ, ಏನು ಚಳಿ!" ಎಂದು ಸಡಗರಪಡುತ್ತೇವೆಯೇ ಹೊರತು, ಆ ಚಳಿಗೆ ಒಂದು ಹಿಡಿ ಹಿಮ ಸುರಿಸುವ ಶಕ್ತಿಯೂ ಇಲ್ಲ. ಲಾಲ್‌ಬಾಗಿನ ಬೆಳಗಿನ ಕಾವಳಕ್ಕೂ ಮಂಜು ಎನ್ನುತ್ತೇವೆ, ಹಿಮಾಲಯದ ನೆತ್ತಿಯ ಮೇಲಿರುವುದಕ್ಕೂ ಮಂಜು ಎನ್ನುತ್ತೇವೆ. ಇಂಥ ಊರಿನಲ್ಲಿ ಕುಳಿತು ನಾನು ಕಳೆದ ವರ್ಷ ಹಿಮ ಸುರಿಸಿದೆನೆಂದರೆ ನೀವು ನಂಬಲಾರಿರಿ. ಆದರೆ ಅದು ನಿಜ.

ಆದದ್ದು ಇಷ್ಟು. ನಮ್ಮಾಕೆ ತೀರಿಕೊಂಡ ಮೇಲೆ ನಾನು ಹೊತ್ತು ಕಳೆಯಲಾರದೆ ಮನೆಯವರಿಗೆಲ್ಲ ಹೊರೆಯಾಗಿದ್ದೆ. ಲೆಕ್ಕಪತ್ರದ ಕಚೇರಿಯಲ್ಲಿ ಮೂವತ್ತೈದು ವರ್ಷ ದುಡಿದವನಿಗೆ ಸುಮ್ಮನೆ ಕೂರುವ ವಿದ್ಯೆ ಬರುವುದಿಲ್ಲ; ಹಾಲಿನ ಲೆಕ್ಕ, ದೀಪದ ಲೆಕ್ಕ ಎಂದು ಸೊಸೆಯನ್ನು ಕಾಡತೊಡಗಿದ್ದೆ. ನನ್ನ ಮಗ ಉಪಾಯ ಹೂಡಿ, ವೆಬ್‌ಸೈಟ್ ಕಟ್ಟುವುದನ್ನು ಕಲಿಸುವ ಮೂರು ತಿಂಗಳ ಸಂಜೆಯ ತರಗತಿಗೆ ನನ್ನನ್ನು ಸೇರಿಸಿದ. ಸಹಪಾಠಿಗಳೆಲ್ಲ ನನ್ನ ಮೊಮ್ಮಗಳ ವಯಸ್ಸಿನವರು. ಮೇಷ್ಟರಿಗೂ ಇಪ್ಪತ್ತೆಂಟು ದಾಟಿರಲಿಲ್ಲ. ಅವರು ನನ್ನನ್ನು "ಸಾರ್" ಎನ್ನುತ್ತಿದ್ದರು, ನಾನು ಅವರನ್ನು "ಮೇಷ್ಟ್ರೇ" ಎನ್ನುತ್ತಿದ್ದೆ. ಹೀಗೆ ಪರಸ್ಪರ ಗೌರವದಿಂದ ವಿದ್ಯೆ ಸಾಗಿತು.

ಈ ವಿದ್ಯೆಗೆ ಮೂರು ಭಾಷೆಗಳು ಬೇಕು. ಎಚ್.ಟಿ.ಎಂ.ಎಲ್. ಎಂಬುದು ಮನೆಯ ಗೋಡೆ, ಸಿ.ಎಸ್.ಎಸ್. ಎಂಬುದು ಸುಣ್ಣಬಣ್ಣ, ಜಾವಾಸ್ಕ್ರಿಪ್ಟ್ ಎಂಬುದು ಆ ಮನೆಯಲ್ಲಿ ಓಡಾಡುವ ಜನ, ಕರೆದರೆ "ಓ" ಎನ್ನುವವರು. ಕೊನೆಯಲ್ಲಿ ಪ್ರತಿಯೊಬ್ಬರೂ ಒಂದು ವೆಬ್‌ಸೈಟ್ ಮಾಡಿ ಒಪ್ಪಿಸಬೇಕು. ವಿಷಯ ಚಳಿಗಾಲ. ನೋಡುವವರು ಮುಟ್ಟಿದರೆ ಅದು ಏನಾದರೂ ಉತ್ತರ ಕೊಡಬೇಕು. ಹುಡುಗರು ಉಣ್ಣೆ ಬಟ್ಟೆಯ ಅಂಗಡಿ, ಕಾಶ್ಮೀರದ ಪ್ರವಾಸ ಎಂದು ಹಂಚಿಕೊಂಡರು. ನಾನು ಹಿಮ ಸುರಿಸುವುದೆಂದು ಹೇಳಿಬಿಟ್ಟೆ.

ಮೊದಲ ದಿನ ನನ್ನ ಹಿಮ ಮೇಲಕ್ಕೆ ಹೋಯಿತು! ನಾನು ಶಾಲೆಯಲ್ಲಿ ಗ್ರಾಫ್ ಕಾಗದದ ಮೇಲೆ ಕಲಿತವನು. ಕೆಳಗಿನಿಂದ ಮೇಲಕ್ಕೆ ಹೋದಂತೆ ಸಂಖ್ಯೆ ಹೆಚ್ಚುವುದೆಂದು ನಂಬಿದವನು. ಗಣಕದ ಪರದೆಯಲ್ಲಿ ಸೊನ್ನೆ ಇರುವುದು ಮೇಲಿನ ಎಡ ಮೂಲೆಯಲ್ಲಿ. ಕೆಳಗಿಳಿದಂತೆ ಸಂಖ್ಯೆ ಏರುತ್ತದೆ. ಎರಡನೆಯ ದಿನ ಹಿಮ ಕೆಳಗೆ ಬಂದಿತಾದರೂ ಪ್ರತಿ ಹರಳೂ ಉದ್ದನೆಯ ಬಿಳಿಯ ಗೆರೆ ಎಳೆಯುತ್ತ ಬಂತು. ಮೊಮ್ಮಗಳು ಇಣುಕಿ ನೋಡಿ, "ತಾತ, ಇದು ಶಾವಿಗೆ" ಎಂದಳು. ಪರದೆಯ ಚಿತ್ರ ಸಾಮಾನ್ಯವಾಗಿ ಸೆಕೆಂಡಿಗೆ 60 ಬಾರಿ ಹೊಸದಾಗಿ ಬರೆಯಲ್ಪಡುತ್ತದೆ. ಪ್ರತಿ ಬಾರಿಯೂ ಹಳೆಯದನ್ನು ಒರೆಸಿ ಹೊಸದನ್ನು ಬರೆಯಬೇಕು. ನಾನು ಒರೆಸುವುದನ್ನು ಮರೆತಿದ್ದೆ. ಮೂರನೆಯ ದಿನ ಎಲ್ಲ ಹರಳುಗಳೂ ಒಂದೇ ವೇಗದಲ್ಲಿ, ಪೊಲೀಸರ ಕವಾಯತಿನಂತೆ ಇಳಿದವು. ಒಂದೊಂದಕ್ಕೂ ಬೇರೆ ವೇಗ, ಬೇರೆ ತೂಗಾಟ ಕೊಟ್ಟಾಗ ನೋಡಲು ಹಿತವಾಯಿತು.

ಆದರೆ ಅವೆಲ್ಲ ಬರಿಯ ಬಿಳಿಯ ಬೊಟ್ಟುಗಳು. ಹಿಮದ ಹರಳಿಗೆ ಆರು ತೋಳುಗಳಿರಬೇಕಷ್ಟೆ. ಯಾಕೆ ಆರೇ ಎಂದು ಖಗೋಳಜ್ಞ ಕೆಪ್ಲರ್ 1611ರಲ್ಲಿ ಒಂದು ಪುಟ್ಟ ಪುಸ್ತಕವನ್ನೇ ಬರೆದ. ನೀರಿನ ಅಣುಗಳು ಹೆಪ್ಪುಗಟ್ಟುವಾಗ ಷಟ್ಕೋನವಾಗಿ ಕೈಹಿಡಿದು ನಿಲ್ಲುತ್ತವೆ ಎಂಬ ಉತ್ತರ ಸಿಗಲು ಮುನ್ನೂರು ವರ್ಷವೇ ಬೇಕಾಯಿತು. ಅಮೆರಿಕದ ವರ್ಮಾಂಟಿನ ರೈತ ಬೆಂಟ್ಲಿ 1885ರಿಂದ ಆರಂಭಿಸಿ ಜೀವಮಾನದಲ್ಲಿ 5000ಕ್ಕೂ ಹೆಚ್ಚು ಹರಳುಗಳ ಛಾಯಾಚಿತ್ರ ತೆಗೆದ. ಜಪಾನಿನ ನಕಾಯಾ 1936ರಲ್ಲಿ ಪ್ರಯೋಗಶಾಲೆಯಲ್ಲಿಯೇ ಒಂದು ಹರಳನ್ನು ಬೆಳೆಸಿದ. ಇವರೆಲ್ಲರ ಮುಂದೆ ನಾನೆಷ್ಟರವನು! ಒಂದು ತೋಳು ಬರೆದು, ಅರವತ್ತು ಡಿಗ್ರಿ ತಿರುಗಿಸಿ ಮತ್ತೊಂದು ಬರೆ ಎಂದು ಆಜ್ಞೆ ಕೊಟ್ಟೆ. ಬಂದದ್ದು ಗಾಳಿಗೆ ಮುರಿದ ಛತ್ರಿ. ಜಾವಾಸ್ಕ್ರಿಪ್ಟ್ ಕೋನವನ್ನು ಡಿಗ್ರಿಯಲ್ಲಿ ಅಳೆಯುವುದಿಲ್ಲವಂತೆ, ರೇಡಿಯನ್ನಿನಲ್ಲಿ ಅಳೆಯುತ್ತದಂತೆ. ಅದಕ್ಕೆ 60 ಎಂದರೆ ಒಂಬತ್ತು ಸುತ್ತು ಸುತ್ತಿ ಇನ್ನೂ ಅರ್ಧ ಸುತ್ತಿಗಿಂತ ಹೆಚ್ಚು!

ಬೇಸತ್ತು, ಕಾಗದದ ಮೇಲೆ ಬರೆದು ನೋಡೋಣವೆಂದು ಹಳೆಯ ಪುಸ್ತಕಕ್ಕಾಗಿ ಕಪಾಟು ತಡಕಿದೆ. 1994ರ ನನ್ನ ಕಚೇರಿಯ ಡೈರಿ ಸಿಕ್ಕಿತು. ಕಚೇರಿಯ ಒಂದು ಅಕ್ಷರವೂ ಅದರಲ್ಲಿಲ್ಲ. ಪುಟಪುಟವೂ ನಮ್ಮಾಕೆ ಬರೆದ ರಂಗೋಲಿ. ಜನವರಿಯ ಮೊದಲ ಪುಟಗಳೆಲ್ಲ ಧನುರ್ಮಾಸದವು. ಒಂದರ ಕೆಳಗೆ "13ರಿಂದ 7, ನಡುವೆ ಚುಕ್ಕಿ" ಎಂದಿತ್ತು. ಮಧ್ಯದ ಸಾಲಿನಲ್ಲಿ ಹದಿಮೂರು; ಮೇಲಕ್ಕೂ ಕೆಳಕ್ಕೂ ಒಂದೊಂದೇ ಕಡಿಮೆಯಾಗುತ್ತ ಏಳಕ್ಕೆ ನಿಲ್ಲುತ್ತದೆ; ಪ್ರತಿ ಚುಕ್ಕಿಯೂ ಹಿಂದಿನ ಸಾಲಿನ ಎರಡು ಚುಕ್ಕಿಗಳ ನಡುವೆ. ನಾನು ಲೆಕ್ಕದವನಾದುದರಿಂದ ಕೂಡಿಸಿದೆ: 127 ಚುಕ್ಕಿ. ಹೊರಗಿನ ಅಂಚು ಆರು ಬಾಹುಗಳ ಷಟ್ಕೋನ. ಹಿಮದ ಹರಳೇ!

ಆ ಚುಕ್ಕಿಗಳನ್ನು ಪರದೆಯ ಮೇಲೆ ಇಟ್ಟೆ. ಷಟ್ಕೋನ ಬಂತು, ಆದರೆ ಯಾರೋ ಜುಟ್ಟು ಹಿಡಿದು ಎಳೆದಂತೆ ಉದ್ದವಾಗಿತ್ತು. ಡೈರಿಯ ಮೇಲೆ ಅಳತೆಪಟ್ಟಿ ಇಟ್ಟು ನೋಡಿದೆ. ಚುಕ್ಕಿಗಳ ನಡುವೆ 10 ಮಿಲಿಮೀಟರ್. ಸಾಲುಗಳ ನಡುವೆ ಸುಮಾರು 9. ತ್ರಿಕೋನಮಿತಿ ಕೇಳುವುದು 8.66. ಹೈಸ್ಕೂಲು ಮುಗಿಸದ ಹೆಂಗಸು, ಚಳಿಯಲ್ಲಿ, ಬಗ್ಗಿ ನಿಂತು, ಬರಿಗಣ್ಣಿನಿಂದ ಆ ಅಳತೆಯನ್ನು ಇಡುತ್ತಿದ್ದಳು. ಪುಟಕ್ಕೆ ಅಲಂಕಾರ ಮಾಡುವ ಸಿ.ಎಸ್.ಎಸ್. ಭಾಷೆಯನ್ನು ನಾರ್ವೆಯ ಹಾಕನ್ ಲೀ ಮೊದಲು ಸೂಚಿಸಿದ್ದು ಕೂಡ ಅದೇ 1994ರಲ್ಲಿ. ಆತನ ಹೆಸರನ್ನು ನಾನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಮನೆಯ ಬಾಗಿಲಿನ ಅಲಂಕಾರವನ್ನು ಮಾತ್ರ ನೋಡಿರಲಿಲ್ಲ.

ನೋಡಿರಲಿಲ್ಲ ಎಂಬುದಕ್ಕೆ ಸಾಕ್ಷಿಯೂ ಡೈರಿಯಲ್ಲಿಯೇ ಇತ್ತು. ಕೆಲವು ರಂಗೋಲಿಗಳ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಇವರು ತುಳಿದರು" ಎಂದು ಬರೆದಿದ್ದಳು. ದೂರಿನ ಧಾಟಿ ಇಲ್ಲ. ಹಾಲಿನವನು ಬರಲಿಲ್ಲ, ಮಳೆ ಬಂತು ಎಂದು ಬರೆಯುವ ಹಾಗೆ. ಎಂಟೂಕಾಲರ ಬಸ್ಸು ಹಿಡಿಯುವ ಆತುರದಲ್ಲಿ ನಾನು ಅದರ ಮೇಲೆಯೇ ನಡೆದು ಹೋಗುತ್ತಿದ್ದೆ. ಒಂದು ದಿನವೂ ಆಕೆ ಬಾಯಿಬಿಟ್ಟು ಹೇಳಲಿಲ್ಲ. ಎಣಿಸಿದೆ. ಜನವರಿ ತಿಂಗಳೊಂದರಲ್ಲಿಯೇ ಒಂಬತ್ತು ಸಲ. ಲೆಕ್ಕ ಬಲ್ಲವನಿಗೆ ಇಂಥ ಲೆಕ್ಕ ಎಷ್ಟು ಕಷ್ಟವೆಂದು ಅಂದು ತಿಳಿಯಿತು.

ಮುಂದಿನ ಕೆಲಸ ತಾನಾಗಿ ನಡೆಯಿತು. ನನ್ನ ವೆಬ್‌ಸೈಟ್ ತೆರೆದರೆ ಮೊದಲು ಕಡುನೀಲಿಯ ಪರದೆ. ಅದರ ಮೇಲೆ ಸಾಲುಸಾಲಾಗಿ 127 ಚುಕ್ಕಿಗಳು ಬೀಳುತ್ತವೆ. ಅವನ್ನು ಕೂಡಿಸುತ್ತ ಆರು ತೋಳುಗಳು ಬೆಳೆಯುತ್ತವೆ. ನೀವು ಮುಟ್ಟಿದರೆ ಅದು ಒಡೆದು ನೂರಾರು ಹಿಮದ ಹರಳುಗಳಾಗಿ ತೂಗುತ್ತ ಇಳಿಯುತ್ತದೆ. ಕೊಂಚ ತಾಳಿದರೆ ಮತ್ತೆ ಮೊದಲಿನಿಂದ ಚುಕ್ಕಿ ಬೀಳುತ್ತದೆ. ಮೇಷ್ಟರು ನಾಲ್ಕಾರು ಸಲ ಮುಟ್ಟಿ ನೋಡಿ, "ಸಾರ್, ಒಡೆದದ್ದು ಯಾಕೆ ಮತ್ತೆ ಬರಬೇಕು?" ಎಂದು ಕೇಳಿದರು. "ಮರುದಿನ ಬೆಳಗಾಗುತ್ತದಲ್ಲ, ಮೇಷ್ಟ್ರೇ" ಎಂದೆ. ಅವರಿಗೆ ಏನು ಅರ್ಥವಾಯಿತೋ ತಿಳಿಯದು. ಅಂಕವನ್ನಂತೂ ಧಾರಾಳವಾಗಿ ಕೊಟ್ಟರು.

ನಮ್ಮಾಕೆ ಹೋದ ಮೇಲೆ ಬಾಗಿಲ ಮುಂದೆ ಪ್ಲಾಸ್ಟಿಕ್ಕಿನ ರಂಗೋಲಿ ಅಂಟಿಸಿದ್ದೆವು. ಕೆಲಸಕ್ಕೆ ಹೋಗುವ ಸೊಸೆಯನ್ನು ಅದಕ್ಕಾಗಿ ದೂರುವ ಹಕ್ಕು ನನಗಿಲ್ಲ. ಸಂಕ್ರಾಂತಿಯ ಹಿಂದಿನ ದಿನ, ಇನ್ನೂ ಕತ್ತಲಿರುವಾಗ, ನಾನೇ ನೆಲ ಸಾರಿಸಿ ರಂಗೋಲಿ ಪುಡಿ ಹಿಡಿದು ಕೂತೆ. ಗಣಕ 127 ಚುಕ್ಕಿಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಇಟ್ಟುಬಿಡುತ್ತದೆ. ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಸಾಲು ಸೊಟ್ಟ, ಗೆರೆ ಒಂದೆಡೆ ದಪ್ಪ, ಒಂದೆಡೆ ಎಳೆ. ಸೊಂಟ ಹಿಡಿದುಕೊಂಡಿತು. ಆದರೂ ಎದ್ದು ನಿಂತು ನೋಡಿದಾಗ ಅದು ಷಟ್ಕೋನವೇ ಆಗಿತ್ತು.

ಅಷ್ಟರಲ್ಲಿ ಪತ್ರಿಕೆ ಹಾಕುವ ಹುಡುಗ ಬಂದ. ಸೈಕಲ್ಲಿನಿಂದ ಇಳಿಯದೆಯೇ ಎಸೆದ ಪತ್ರಿಕೆ ಹದಿಮೂರು ಚುಕ್ಕಿಯ ಸಾಲಿನ ಮೇಲೆ ಸರಿಯಾಗಿ ಬಿದ್ದು ಒಂದು ಗಜ ಜಾರಿತು. "ಏ!" ಎಂದು ಕೂಗಲು ಬಾಯಿ ತೆರೆದೆ. ಅವನಿಗೆ ಇನ್ನೂ ನೂರು ಮನೆ ತಲುಪುವ ಆತುರ. ಬಾಯಿ ಮುಚ್ಚಿಕೊಂಡು ಒಳಗೆ ಬಂದೆ. ಡೈರಿ ತೆರೆದು, ಆ ತಾರೀಖಿನ ಪುಟದಲ್ಲಿ, ಆಕೆಯ ಅಕ್ಷರದ ಕೆಳಗೆ, "ಪತ್ರಿಕೆ ಬಿತ್ತು" ಎಂದು ಬರೆದಿಟ್ಟೆ.