ಪ್ರವೇಶದ ಪರದೆ

ಈಚೆಗೆ ನಮ್ಮ ಭಾಗದ ಸಾಮಾನ್ಯ ಗೃಹಸ್ಥರ ಮನೆಗಳಲ್ಲಿಯೂ ಗಣಕಯಂತ್ರವು ಪಂಚಾಂಗದಷ್ಟೇ ಅವಶ್ಯಕವಾದ ವಸ್ತುವಾಗಿ ಕುಳಿತಿದೆ. ಅದನ್ನು ನಡೆಯಿಸುವ ವ್ಯವಸ್ಥೆಗಳಲ್ಲಿ ಲಿನಕ್ಸ್ ಎಂಬದೊಂದು. 1991ರಲ್ಲಿ ಫಿನ್ಲಂಡ್ ದೇಶದ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು ಇದರ ತಿರುಳನ್ನು ಬರೆದು ಲೋಕದ ಕೈಯಲ್ಲಿಟ್ಟನು. ಅಂದಿನಿಂದ ಸಾವಿರಾರು ಜನರು ಕೂಡಿ ಅದನ್ನು ಬೆಳೆಯಿಸುತ್ತಲಿದ್ದಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ, ಕೇರಳದ ಉಳಿದ ಸರಕಾರಿ ಶಾಲೆಗಳ ಮಕ್ಕಳಂತೆ, ಗಣಕಪಾಠವನ್ನು ಇದರ ಮೇಲೆಯೇ ಕಲಿಯುತ್ತಾರೆ. ಬೆಲೆ ಕೊಡಬೇಕಾದ್ದಿಲ್ಲ, ಕನ್ನಡವನ್ನು ಚೆನ್ನಾಗಿ ತೋರಿಸುತ್ತದೆ. ನಿವೃತ್ತ ಶಿಕ್ಷಕನಿಗೆ ಇಷ್ಟು ಸಾಕು. ನಾವು ಬಳಸುವದು ಇದರ ಉಬುಂಟು ಎಂಬ ಶಾಖೆಯನ್ನು. ಅದರ ದೀರ್ಘಕಾಲದ ಆವೃತ್ತಿಯು ಎರಡು ವರ್ಷಕ್ಕೊಮ್ಮೆ ಏಪ್ರಿಲ್ ತಿಂಗಳಲ್ಲಿ ಹೊರಡುತ್ತದೆ, 24.04 ಎಂದರೆ 2024ರ ನಾಲ್ಕನೆಯ ತಿಂಗಳಿನದು. ಹಳೆಯದರಿಂದ ಹೊಸದಕ್ಕೆ ಏರುವ ಕ್ರಿಯೆಗೆ ಅಪ್‌ಗ್ರೇಡ್ ಎನ್ನುತ್ತಾರೆ. ಹೀಗೆ ಏರಿದ ಮೇಲೆ, ಹೆಸರು ಮತ್ತು ಗುಪ್ತಪದಗಳನ್ನು ಕೇಳುವ ಪ್ರವೇಶದ ಪರದೆಯೇ ಕಾಣದೆ ಹೋಗುವದು ಅಪರೂಪದ ಸಂಗತಿಯಲ್ಲ.

ನಮ್ಮ ಯಂತ್ರದಲ್ಲಿ ಇದ್ದದ್ದೇನೆಂಬುದನ್ನು ಮೊದಲು ಹೇಳದಿದ್ದರೆ ಮುಂದಿನ ನಮ್ಮ ಗಾಬರಿಯು ವಾಚಕರಿಗೆ ಅತಿಯೆನಿಸೀತು. ಇಲಕಲ್ಲಿನ ಮಗ್ಗದ ಮನೆಗಳಿಗೆ ಹೋಗಿ ನೇಕಾರರ ಮಾತುಗಳನ್ನು ಕೂಡಿಸುವ ಗೀಳು ನಮಗೆ ನಾಲ್ಕು ವರ್ಷಗಳಿಂದ ಹತ್ತಿದೆ. ಚಿಕ್ಕಿಪರಾಸ, ಗೋಮಿ, ಗಾಯತ್ರಿ ಎಂಬ ಅಂಚುಗಳ ಹೆಸರುಗಳು ಅಂಗಡಿಯವರಿಗೂ ಗೊತ್ತು. ಆದರೆ ಹಾಸು ಹೂಡುವಾಗ, ನೂಲು ಹರಿದಾಗ, ಕುಣಿಕೆ ಜಾರಿದಾಗ ಮುದುಕಿಯರ ಬಾಯಿಂದ ತಾವಾಗಿ ಹೊರಡುವ ಮಾತುಗಳು ನಮ್ಮಲ್ಲಿರುವ ಯಾವ ಕೋಶದಲ್ಲಿಯೂ ಸಿಕ್ಕಿಲ್ಲ. ಆದುದರಿಂದ ಅವರ ಧ್ವನಿಗಳನ್ನೇ ಮುದ್ರಿಸಿ ಇಟ್ಟಿದ್ದೆವು. ಅವರಲ್ಲಿ ಒಬ್ಬ ವೃದ್ಧೆಯು 2025ರ ಮಾಘಮಾಸದಲ್ಲಿ ತೀರಿಕೊಂಡಳು. ದೀಪಾವಳಿಯವರೆಗಿನ ಸಂಗ್ರಹಕ್ಕೆ ಬೇರೊಂದು ಪ್ರತಿಯುಂಟು. ಆಕೆಯು ಮಾತನಾಡಿದ್ದು ದೀಪಾವಳಿಯ ತರುವಾಯ.

ಅದೇ ವರ್ಷದ ಮೇ ತಿಂಗಳಲ್ಲಿ 22.04ರಿಂದ 24.04ಕ್ಕೆ ಏರುವ ಕಾರ್ಯವು ನಡೆದಿರುವಾಗಲೇ ಗಾಳಿಮಳೆ ಎದ್ದು ವಿದ್ಯುತ್ತು ಹೋಯಿತು. ಯುಪಿಎಸ್ ತನ್ನ ಶಕ್ತಿಯಿರುವಷ್ಟು ಹೊತ್ತು ತಡೆದು ಸುಮ್ಮನಾಯಿತು. ಸಂಜೆಗೆ ದೀಪ ಬಂದ ಮೇಲೆ ಯಂತ್ರವನ್ನು ಎಬ್ಬಿಸಿದರೆ, ಅಕ್ಷರಗಳ ಸಾಲುಗಳು ಸರಸರನೆ ಓಡಿ, ಬಳಿಕ ಕಪ್ಪು ತೆರೆ. ಎಡಗಡೆಯ ಮೂಲೆಯಲ್ಲಿ ಒಂದು ಬಿಳಿಯ ಅಡ್ಡಗೆರೆ ಮಾತ್ರ ಮಿಣುಕುತ್ತಿತ್ತು. ಊರಿನ ಒಬ್ಬ ದುರಸ್ತಿಗಾರನು ಬಂದು ನೋಡಿ, “ಗುರುಗಳ, ಒಳಗಿಂದೆಲ್ಲಾ ಹೋಗೇತ್ರಿ. ಪೂರಾ ಅಳಿಸಿ ಹೊಸಾದ್ ಹಾಕಬೇಕಾಗತೈತಿ” ಎಂದನು. ನಾಳೆ ತಿಳಿಸುತ್ತೇವೆಂದು ಹೇಳಿ ಅವನನ್ನು ಕಳಿಸಿದೆವು.

ಆ ರಾತ್ರಿ ನಿದ್ರೆ ಬರಲಿಲ್ಲ. ಆದರೆ ಅವನ ಮಾತಿನಲ್ಲಿ ಒಂದು ಶಾಸ್ತ್ರದೋಷವಿದೆಯೆಂದು ಮನಸ್ಸಿಗೆ ಹೊಳೆಯಿತು. ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು, ಎಂದರೆ ಕಾಣದಿರುವಿಕೆಯನ್ನು, ಆರನೆಯ ಪ್ರಮಾಣವೆಂದು ಎಣಿಸುತ್ತಾರೆ: ವಸ್ತುವು ಕಾಣಿಸಲಿಲ್ಲವಾದರೆ ಅದು ಇಲ್ಲವೆಂದು ತಿಳಿಯಬಹುದು. ಆದರೆ ಅವರು ಒಂದು ಕಟ್ಟುಪಾಡು ಹಾಕಿದ್ದಾರೆ. ಆ ವಸ್ತು ಅಲ್ಲಿ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬಂಥ ಸ್ಥಿತಿ ಇರಬೇಕು; ಅದೇ ಯೋಗ್ಯಾನುಪಲಬ್ಧಿ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನ, ಶಕ 500ರ, ಎಂದರೆ ಕ್ರಿ.ಶ. 578ರ ಶಾಸನವಿದೆ. ಅಮಾವಾಸ್ಯೆಯ ನಡುರಾತ್ರಿಯಲ್ಲಿ ದೀಪವಿಲ್ಲದೆ ಅಲ್ಲಿ ನಿಂತವನೊಬ್ಬನು ‘ಇಲ್ಲಿ ಶಾಸನವಿಲ್ಲ’ ಎಂದರೆ ಒಪ್ಪುವವರಾರು? ತೋರಿಸತಕ್ಕ ಪರದೆಯೇ ಇಲ್ಲದಿರುವಾಗ, ಒಳಗಿನ ಕಡತಗಳು ಕಾಣಲಿಲ್ಲವೆಂಬುದು ಅವು ಇಲ್ಲವೆಂಬುದಕ್ಕೆ ಪ್ರಮಾಣವಾಗಲಾರದು.

ಬೆಳಗಾದ ಕೂಡಲೆ ಬಾಗಲಕೋಟೆಯ ನಮ್ಮ ಹಳೆಯ ಶಿಷ್ಯನೊಬ್ಬನಿಗೆ ದೂರವಾಣಿ ಮಾಡಿದೆವು. ಆಲಮಟ್ಟಿಯ ಹಿನ್ನೀರಿನಿಂದ ಊರು ಎದ್ದು ನೆಲೆಸಿದ ನವನಗರದಲ್ಲಿ ಅವನ ಮನೆ. ಗಣಕದ ವಿಷಯವೇ ಅವನ ಉದ್ಯೋಗ. “ಅಳಿಸಬ್ಯಾಡ್ರಿ ಗುರುಗಳ. ಕಂಟ್ರೋಲ್, ಆಲ್ಟ್, ಎಫ್ 3, ಮೂರೂ ಕೂಡಿ ಒತ್ತಿ ನೋಡ್ರಿ” ಎಂದನು. ಬಳಿಕ ಸಮಾಧಾನದಿಂದ ಇದರ ರಚನೆಯನ್ನು ವಿವರಿಸಿದನು. ಯಂತ್ರವು ಎದ್ದೊಡನೆ ಮೊದಲು ಕರ್ನೆಲ್ ಎಂಬ ತಿರುಳು ಎಚ್ಚರಗೊಳ್ಳುತ್ತದೆ. ಅದು ಸಿಸ್ಟಮ್‌ಡಿ ಎಂಬ ಪಾರುಪತ್ಯಗಾರನನ್ನು ಎಬ್ಬಿಸುತ್ತದೆ. ಪಾರುಪತ್ಯಗಾರನು ಉಳಿದ ಸೇವಕರನ್ನು ಕರೆಯುತ್ತಾನೆ. ಚಿತ್ರರೂಪದ ಪ್ರವೇಶದ ಪರದೆಯನ್ನು ಬಿಡಿಸುವ ಜಿಡಿಎಮ್ ಈ ಸೇವಕರಲ್ಲಿ ಒಬ್ಬನು. ಇಲಕಲ್ಲ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆ ಹಾಕಿ ಒಂದಕ್ಕೊಂದು ಕೂಡಿಸಿ ನೇಯುತ್ತಾರೆ. ಕುಣಿಕೆ ಬಿಚ್ಚಿತೆಂದು ಮೈ ಸುಟ್ಟುಹೋಯಿತೆಂದು ಯಾವ ನೇಕಾರನೂ ಅಳುವದಿಲ್ಲ. ಇಲ್ಲಿಯೂ ಜಾರಿದ್ದು ಅಂಥದೊಂದು ಕುಣಿಕೆಯೇ.

ಮೂರು ಕೀಲಿಗಳನ್ನು ಒತ್ತಲು ಕಪ್ಪು ತೆರೆಯ ಮೇಲೆ ‘ಲಾಗಿನ್’ ಎಂಬ ಒಂದೇ ಶಬ್ದ ಮೂಡಿತು. ಚಿತ್ರಗಳಿಲ್ಲದ ಈ ಬರಿಯ ಅಕ್ಷರದ ಬಾಗಿಲಿಗೆ ಟಿಟಿವೈ ಎಂಬ ಹೆಸರಿದೆ. ಲಿನಕ್ಸಿನ ಹಿರಿಯನಾದ ಯೂನಿಕ್ಸ್ 1969ರಲ್ಲಿ ಅಮೇರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದಾಗ ಅದರೊಡನೆ ಮಾತನಾಡಲು ತಂತಿಯ ಟೈಪುಯಂತ್ರವಾದ ಟೆಲಿಟೈಪನ್ನೇ ಬಳಸುತ್ತಿದ್ದರು; ಆ ಹೆಸರಿನ ಸಂಕ್ಷೇಪವೇ ಇದು. ಹೊಸ ಬಾಗಿಲು ಕೆಟ್ಟಾಗ ಅಜ್ಜನ ಕಾಲದ ಬಾಗಿಲೇ ತೆರೆಯಿತು. ಇಲ್ಲಿ ಗುಪ್ತಪದವನ್ನು ಒತ್ತುವಾಗ ಚುಕ್ಕೆಯಾಗಲಿ ನಕ್ಷತ್ರವಾಗಲಿ ಏನೊಂದೂ ಮೂಡುವದಿಲ್ಲ. ಕೀಲಿಮಣೆ ಕೆಟ್ಟಿದೆಯೆಂದು ಭ್ರಮಿಸದೆ ಪೂರ್ತಿ ಬರೆದು ಎಂಟರ್ ಒತ್ತತಕ್ಕದ್ದು.

ಒಳಹೊಕ್ಕು ಕಡತಗಳ ಯಾದಿಯನ್ನು ಕರೆದೆವು. ಎದೆ ಧಸಕ್ಕೆಂದಿತು! ಕನ್ನಡದಲ್ಲಿ ಇಟ್ಟ ಹೆಸರುಗಳ ಸ್ಥಾನದಲ್ಲೆಲ್ಲ ಅರ್ಥವಿಲ್ಲದ ಬಿಳಿಯ ಗುರುತುಗಳ ಸಾಲು. ಈ ಅಕ್ಷರದ ಪರದೆಗೆ ಕನ್ನಡ ಲಿಪಿಯನ್ನು ಬಿಡಿಸಲು ಬರುವದಿಲ್ಲವೆಂದು ಶಿಷ್ಯನು ನೆನಪಿಸಿದ ಮೇಲೆ ಪಕ್ಕದ ಅಂಕಿಗಳನ್ನು ನೋಡಿದೆವು. ದಿನಾಂಕಗಳು ಸರಿಯಾಗಿದ್ದವು, ಕಡತಗಳ ಗಾತ್ರಗಳು ಸರಿಯಾಗಿದ್ದವು. ದೀಪಾವಳಿಯ ತರುವಾಯದ ಆ ಕಡತವೂ ತನ್ನ ಪೂರ್ಣ ಗಾತ್ರದಲ್ಲಿ ಕುಳಿತಿತ್ತು. ಬೇರೇನನ್ನೂ ಮುಟ್ಟದೆ ಮೊದಲು ಅದನ್ನು ಒಂದು ಪೆನ್‌ಡ್ರೈವಿಗೆ ಇಳಿಸಿಕೊಂಡೆವು.

ಇನ್ನು ಕಾರಣದ ಶೋಧ. ಯಂತ್ರವು ತನ್ನ ದಿನಚರಿಯನ್ನು ತಾನೇ ಬರೆದಿಡುತ್ತದೆ. ‘ಜರ್ನಲ್‌ಸಿಟಿಎಲ್’ ಎಂದು, ಒಂದು ಅಡ್ಡಗೆರೆ ಹಚ್ಚಿ ‘ಬಿ’ ಎಂದು ಬರೆದರೆ ಈ ಸಲ ಎದ್ದಂದಿನಿಂದ ನಡೆದದ್ದೆಲ್ಲ ಹೊರಬರುತ್ತದೆ. (ಇವನ್ನೆಲ್ಲ ರೋಮನ್ ಲಿಪಿಯಲ್ಲಿ ಬರೆಯತಕ್ಕದ್ದು, ನಾವು ಕೊಡುತ್ತಿರುವದು ಉಚ್ಚಾರ ಮಾತ್ರ.) ಕೊನೆಯ ಸಾಲು, ಜಿಡಿಎಮ್ಮನ್ನು ಮೇಲಿಂದ ಮೇಲೆ ಅತಿ ಬೇಗ ಎಬ್ಬಿಸಲಾಯಿತು, ಇನ್ನು ಸಾಕು ಎಂದಷ್ಟೇ ಹೇಳುತ್ತಿತ್ತು. ಪಾಣಿನಿಯ ಸೂತ್ರಗಳನ್ನು ಓದಿದವರಿಗೆ ಅನುವೃತ್ತಿಯ ಪರಿಚಯವಿರುತ್ತದೆ. ಹಿಂದಿನ ಸೂತ್ರದ ಪದವನ್ನು ತಾರದೆ ಮುಂದಿನ ಸೂತ್ರಕ್ಕೆ ಅರ್ಥವಾಗುವದಿಲ್ಲ. ಅದರಂತೆ ಮೇಲೆ ಮೇಲೆ ಏರುತ್ತ ಹೋಗಲು, ಜಿಡಿಎಮ್ಮಿಗೆ ಬೇಕಾದ ಒಂದು ಗ್ರಂಥಾಲಯವು, ಎಂದರೆ ಸಹಾಯಕ ಕಡತವು, ಸಿಕ್ಕಲಿಲ್ಲವೆಂಬ ಮೊದಲನೆಯ ದೂರು ಕಂಡಿತು. ವಿದ್ಯುತ್ತು ಹೋದ ಗಳಿಗೆಯಲ್ಲಿ ಕೆಲವು ಪೊಟ್ಟಣಗಳು ಬಿಚ್ಚಿದ್ದರೂ ಅಣಿಗೊಂಡಿರಲಿಲ್ಲ, ಕೆಲವು ಬಿಚ್ಚಿಯೇ ಇರಲಿಲ್ಲ. ‘ಸುಡೋ ಡಿಪಿಕೆಜಿ’, ಎರಡು ಅಡ್ಡಗೆರೆ ಹಚ್ಚಿ ‘ಕಾನ್ಫಿಗರ್’, ಒಂದು ಅಡ್ಡಗೆರೆ ಹಚ್ಚಿ ‘ಎ’ ಎಂದು ಬರೆಯಲು ನಿಂತ ಕೆಲಸ ಮುಂದರಿಯಿತು. ಬಳಿಕ ‘ಸುಡೋ ಆಪ್ಟ್’, ಎರಡು ಅಡ್ಡಗೆರೆ ಹಚ್ಚಿ ‘ಫಿಕ್ಸ್’, ನಡುವೆ ಒಂದು ಗೆರೆಯಿಟ್ಟು ‘ಬ್ರೋಕನ್’, ಆಮೇಲೆ ‘ಇನ್‌ಸ್ಟಾಲ್’ ಎನ್ನಲು ಉಳಿದದ್ದು ಪೂರೈಸಿತು. ಎಬ್ಬಿಸಿದರೆ, ಪ್ರವೇಶದ ಪರದೆಯ ಮೇಲೆ ನಮ್ಮ ಹೆಸರು ಕನ್ನಡದಲ್ಲಿಯೇ ನಿಂತಿತ್ತು.

ಎಲ್ಲರಿಗೂ ಇದೇ ಕಾರಣವಿರಬೇಕೆಂದಿಲ್ಲ. ಡಿಸ್ಕು ತುಂಬಿಹೋದರೂ ಜಿಡಿಎಮ್ ಏಳುವದಿಲ್ಲ. ‘ಡಿಎಫ್’ ಎಂಬ ಆಜ್ಞೆ ಅದನ್ನು ಹೇಳುತ್ತದೆ. ಎನ್‌ವಿಡಿಯಾ ಚಿತ್ರಫಲಕವಿದ್ದವರಿಗೆ ಅದರ ಡ್ರೈವರ್ ಹೊಸ ಕರ್ನೆಲ್ಲಿಗೆ ಹೊಂದದೆ ಹೋಗುವದುಂಟು. ಏಳುವಾಗ ಬರುವ ಗ್ರಬ್ ಯಾದಿಯಲ್ಲಿ ಹಿಂದಿನ ಕರ್ನೆಲ್ಲನ್ನು ಆರಿಸಿ ನೋಡಬಹುದು.

ಪ್ರತಿಯೊಂದು ಈಗ ಹುನಗುಂದದಲ್ಲಿ ನಮ್ಮ ತಂಗಿಯ ಮನೆಯ ಕಪಾಟಿನಲ್ಲಿದೆ. ಆ ವೃದ್ಧೆಯ ಮಗನು ಸುದ್ದಿ ತಿಳಿದು ಒಂದು ಸಂಜೆ ಮಗ್ಗ ಬಿಟ್ಟು ನಮ್ಮಲ್ಲಿಗೆ ಬಂದನು. ಧ್ವನಿಯನ್ನು ಹಚ್ಚಿದೆವು. ನಡುವೆ ಒಂದು ಕಡೆ, ಕುಣಿಕೆ ಜಾರಿಸಿದ್ದಕ್ಕೆ ಆಕೆಯು ಮಾತು ನಿಲ್ಲಿಸಿ ಈತನನ್ನೇ ಚೆನ್ನಾಗಿ ಬೈದದ್ದಿದೆ. ಅಷ್ಟನ್ನೇ ಮತ್ತೊಮ್ಮೆ ಹಚ್ಚಿರೆಂದು ಕೇಳಿಕೊಂಡನು.